ವೈದ್ಯಕೀಯದಲ್ಲಿ 0.05, ಕಣ ಭೌತವಿಜ್ಞಾನದಲ್ಲಿ 5 ಸಿಗ್ಮಾ, ಪ್ರಚಾರದ ಅಧ್ಯಯನದಲ್ಲಿ ಏನು? ಪ್ರಬಂಧವನ್ನು ಯಾವ ಪುಟದಿಂದ ಓದಬೇಕು

#1 · ಕರಡುಪ್ರತಿ

ಪ್ರಶ್ನೆ ಇಷ್ಟೇ. ಔಷಧ ಕೆಲಸ ಮಾಡುತ್ತದೆ ಅನ್ನಲು ವೈದ್ಯಕೀಯದವರಿಗೆ ಪಿ ಮೌಲ್ಯ (ಔಷಧಕ್ಕೆ ಪರಿಣಾಮವೇ ಇಲ್ಲದಿದ್ದರೂ ಆಕಸ್ಮಿಕದಿಂದ ಇಷ್ಟು ವ್ಯತ್ಯಾಸ ಕಾಣುವ ಸಾಧ್ಯತೆ) 0.05ಕ್ಕಿಂತ ಕಡಿಮೆ ಬಂದರೆ ಸಾಕು. ಹೊಸ ಕಣ ಸಿಕ್ಕಿತು ಅನ್ನಲು ಭೌತವಿಜ್ಞಾನಿಗಳಿಗೆ 5 ಸಿಗ್ಮಾ (ಮಾಮೂಲು ಏರಿಳಿತದ ಐದು ಪಟ್ಟು) ಬೇಕು, ಅಂದರೆ ಕಣ ಇಲ್ಲದಿರುವ ಸಾಧ್ಯತೆ 35 ಲಕ್ಷದಲ್ಲಿ ಒಂದು. ರಾಜಕೀಯ ಸಂವಹನದವರೂ 0.05 ಅನ್ನೇ ಹಿಡಿದಿದ್ದಾರೆ, ಆದರೆ ಅವರ ಹೆಸರಾಂತ ಫಲಿತಾಂಶಗಳು ಕೆಲವು ವರ್ಷಗಳಲ್ಲೇ ಮಗುಚಿ ಬೀಳುತ್ತವೆ. ಹಾಗಾದರೆ ಭೌತವಿಜ್ಞಾನಿಗಳು ಮಾತ್ರ ಬಿಗಿ, ಉಳಿದವರೆಲ್ಲ ಸಡಿಲವೇ? ಈ ಮೂರು ಬಗೆಯ ಪ್ರಬಂಧ ಕೈಗೆ ಬಂದಾಗ ಮೊದಲು ಎಲ್ಲಿ ಕಣ್ಣು ಹಾಯಿಸಬೇಕು? ಅಂಕಿ ಸಮೇತ ಹೇಳಿ. "ಸಾರಾಂಶ ಓದಿ" ಅನ್ನುವ ಉತ್ತರ ಬೇಡ.

#2 · ಹಿನ್ನೆಲೆ_ಗದ್ದಲ

ಮೊದಲು ಒಂದು ತಿದ್ದುಪಡಿ. 35 ಲಕ್ಷದಲ್ಲಿ ಒಂದು ಅನ್ನುವುದು "ಕಣ ಇಲ್ಲದಿರುವ ಸಾಧ್ಯತೆ" ಅಲ್ಲ. ಕಣ ಇಲ್ಲವೇ ಇಲ್ಲ ಅಂತಿಟ್ಟುಕೊಂಡರೆ, ಬರೀ ಹಿನ್ನೆಲೆಯ (ಹೊಸ ಕಣವಿಲ್ಲದೆಯೂ ಆಗುವ ಮಾಮೂಲು ಘಟನೆಗಳ) ಏರಿಳಿತದಿಂದ ಇಷ್ಟು ದೊಡ್ಡ ಉಬ್ಬು ಕಾಣಿಸುವ ಸಾಧ್ಯತೆ ಅದು. ಎರಡನ್ನೂ ಒಂದು ಮಾಡಿದರೆ ಮುಂದಿನ ಮಾತೆಲ್ಲ ದಾರಿ ತಪ್ಪುತ್ತದೆ.

5 ಏಕೆ ಅಂದರೆ, ನಾವು ಒಂದೇ ಜಾಗದಲ್ಲಿ ಹುಡುಕುವುದಿಲ್ಲ. ದ್ರವ್ಯರಾಶಿಯ ಅಕ್ಷದ ಉದ್ದಕ್ಕೂ, ಹತ್ತಾರು ಬಗೆಯ ಕ್ಷಯಗಳಲ್ಲಿ (ಕಣವೊಂದು ಒಡೆದು ಬೇರೆ ಕಣಗಳಾಗುವುದು) ಹುಡುಕುತ್ತೇವೆ. ಅಷ್ಟು ಕಡೆ ಕೈಯಾಡಿಸಿದರೆ ಎಲ್ಲೋ ಒಂದು ಕಡೆ 3 ಸಿಗ್ಮಾ ಸಿಕ್ಕೇ ಸಿಗುತ್ತದೆ. 2015ರ ಡಿಸೆಂಬರ್‌ನಲ್ಲಿ ಯೂರೋಪಿನ ಕಣ ಭೌತವಿಜ್ಞಾನ ಪ್ರಯೋಗಾಲಯ ಸರ್ನ್‌ನ ಅಟ್ಲಾಸ್ ಪ್ರಯೋಗಕ್ಕೆ ಎರಡು ಫೋಟಾನ್‌ಗಳ ನಕ್ಷೆಯಲ್ಲಿ 750 ಜಿಇವಿ (ಕಣದ ದ್ರವ್ಯರಾಶಿ ಅಳೆಯುವ ಮಾನ) ಹತ್ತಿರ ಒಂದು ಉಬ್ಬು ಕಂಡಿತು. ಆ ಒಂದು ಜಾಗದ ಲೆಕ್ಕಕ್ಕೆ 3.6 ಸಿಗ್ಮಾ. ಹುಡುಕಿದ ಜಾಗವನ್ನೆಲ್ಲ ಲೆಕ್ಕಕ್ಕೆ ಹಿಡಿದರೆ 2ರ ಆಸುಪಾಸು. ಸರ್ನ್‌ನದೇ ಇನ್ನೊಂದು ಪ್ರಯೋಗ ಸಿಎಂಎಸ್‌ಗೂ ಅಲ್ಲೇ ಸಣ್ಣ ಉಬ್ಬು ಕಂಡಿತ್ತು. ಅದರ ಮೇಲೆ ಐನೂರಕ್ಕೂ ಹೆಚ್ಚು ಸೈದ್ಧಾಂತಿಕ ಪ್ರಬಂಧಗಳು ಹುಟ್ಟಿದವು. 2016ರ ಆಗಸ್ಟ್‌ನಲ್ಲಿ ಷಿಕಾಗೋ ಸಮ್ಮೇಳನದ ಹೊತ್ತಿಗೆ ಹೆಚ್ಚಿನ ದತ್ತಾಂಶ ಬಂತು, ಉಬ್ಬು ಮಾಯ. ಹಾಗಾಗಿ ನಮ್ಮ ಪ್ರಬಂಧದಲ್ಲಿ ಮೊದಲು ನೋಡಬೇಕಾದದ್ದು ಕೊಟ್ಟ ಸಿಗ್ಮಾ ಸ್ಥಳೀಯವೋ ಒಟ್ಟಾರೆಯೋ ಅನ್ನುವುದನ್ನು.

ಎರಡನೆಯದು, ಹಿನ್ನೆಲೆ ಎಷ್ಟು ಚೆನ್ನಾಗಿ ಗೊತ್ತು ಅನ್ನುವುದು. ಇದನ್ನು ಕೈಲೆಕ್ಕದಲ್ಲೇ ನೋಡಬಹುದು. ಹಿನ್ನೆಲೆಯಿಂದ 100 ಘಟನೆ ನಿರೀಕ್ಷೆ, ಕಂಡದ್ದು 150. ಹೆಚ್ಚುವರಿ 50, ಹಿನ್ನೆಲೆಯ ವರ್ಗಮೂಲ 10, ಭಾಗಿಸಿದರೆ 5 ಸಿಗ್ಮಾ. ಈಗ ಆ 100ರಲ್ಲೇ ಶೇ 10 ಅನಿಶ್ಚಿತತೆ ಇದೆ ಅನ್ನಿ. ಛೇದ √(100 + 100), ಅಂದರೆ 14.1. ಸಿಗ್ಮಾ 3.5ಕ್ಕೆ ಇಳಿಯಿತು. ಇನ್ನೂ ಕೆಟ್ಟ ಉದಾಹರಣೆ: ಹಿನ್ನೆಲೆ 10,000, ಹೆಚ್ಚುವರಿ 500. ಎಣಿಕೆಯ ಏರಿಳಿತ ಮಾತ್ರ ನೋಡಿದರೆ ಇದೂ 5 ಸಿಗ್ಮಾ. ಹಿನ್ನೆಲೆಯ ಅಂದಾಜಿನಲ್ಲಿ ಶೇ 5 ತಪ್ಪಿರಬಹುದು ಅಂದ ಕೂಡಲೇ ಛೇದ 510, ಸಿಗ್ಮಾ 1ಕ್ಕೂ ಕಡಿಮೆ. ಇಲ್ಲಿ ಇನ್ನೂ ಹತ್ತು ವರ್ಷ ದತ್ತಾಂಶ ಕೂಡಿಟ್ಟರೂ ಪ್ರಯೋಜನವಿಲ್ಲ, ಹಿನ್ನೆಲೆಯನ್ನು ಚೆನ್ನಾಗಿ ಅಳೆಯದೆ ಗತಿಯಿಲ್ಲ.

#3 · ವಾರ್ಡ್_ರೌಂಡ್ಸ್

5 ಸಿಗ್ಮಾ ನಮ್ಮಲ್ಲಿ ಏಕಿಲ್ಲ ಅಂದರೆ ರೋಗಿಗಳು ಪ್ರೋಟಾನ್‌ಗಳಲ್ಲ. ಲೆಕ್ಕ ಹಾಕಿ ನೋಡಿ. ಔಷಧದಿಂದ ಸಾವು ಶೇ 10ರಿಂದ ಶೇ 8ಕ್ಕೆ ಇಳಿಯುತ್ತದೆ ಅಂತಿಟ್ಟುಕೊಳ್ಳಿ. 0.05 ಮಟ್ಟ, ಶೇ 80 ಪವರ್ (ಪರಿಣಾಮ ನಿಜವಿದ್ದರೆ ಅದನ್ನು ಹಿಡಿಯುವ ಸಾಧ್ಯತೆ) ಇಟ್ಟುಕೊಂಡಾಗ ಸ್ಥೂಲ ಸೂತ್ರ ಹೀಗೆ: 16 × ಸರಾಸರಿ ಪ್ರಮಾಣ × (1 − ಅದೇ ಪ್ರಮಾಣ) ÷ ವ್ಯತ್ಯಾಸದ ವರ್ಗ. ಅಂದರೆ 16 × 0.09 × 0.91 ÷ 0.0004, ಪ್ರತಿ ಗುಂಪಿಗೆ ಸುಮಾರು 3,300 ಜನ. ಶೇ 10 ಜನ ಮಧ್ಯದಲ್ಲಿ ಬಿಟ್ಟುಹೋಗುತ್ತಾರೆ ಅಂದರೆ 0.9ರಿಂದ ಭಾಗಿಸಿ, 3,650. ಇದನ್ನೇ 5 ಸಿಗ್ಮಾ ಮಟ್ಟಕ್ಕೆ ಒಯ್ದರೆ ಸಂಖ್ಯೆ ಸುಮಾರು 4.3 ಪಟ್ಟು, ಗುಂಪಿಗೆ 14,000 ದಾಟುತ್ತದೆ. ಅಷ್ಟು ಜನ ಸೇರುವ ಹೊತ್ತಿಗೆ ಇನ್ನೊಂದು ಗುಂಪಿನಲ್ಲಿ ಔಷಧ ಸಿಗದೆ ಸಾಯುವವರನ್ನು ಎಣಿಸುತ್ತಾ ಕೂರಬೇಕಾಗುತ್ತದೆ.

ನಮ್ಮ ರಕ್ಷಣೆ ಬೇರೆ ಕಡೆ ಇದೆ: ಚೀಟಿ ಎತ್ತಿದಂತೆ ಗುಂಪು ಹಂಚುವುದು, ಮುಖ್ಯ ಫಲಿತಾಂಶ ಯಾವುದು ಅಂತ ಮೊದಲೇ ಬರೆದಿಡುವುದು. ಎರಡನೆಯದನ್ನು ಮರೆತರೆ ಏನಾಗುತ್ತದೆ ಅನ್ನುವುದಕ್ಕೆ 1988ರ ಐಸಿಸ್-2 ಟ್ರಯಲ್. ಹೃದಯಾಘಾತವಾದ 17,187 ಜನ, ಆಸ್ಪಿರಿನ್‌ನಿಂದ 5 ವಾರದೊಳಗಿನ ಹೃದಯ-ರಕ್ತನಾಳ ಸಂಬಂಧಿ ಸಾವು ಶೇ 23 ಇಳಿಯಿತು. ಉಪಗುಂಪು ಒಡೆದು ನೋಡುವ ಅಪಾಯ ತೋರಿಸಲೆಂದೇ ಸಂಶೋಧಕರು ರೋಗಿಗಳನ್ನು ಜನ್ಮರಾಶಿ ಪ್ರಕಾರ ವಿಂಗಡಿಸಿದರು. ಮಿಥುನ, ತುಲಾ ರಾಶಿಯವರಿಗೆ ಮಾತ್ರ ಆಸ್ಪಿರಿನ್ ತುಸು ಕೆಡುಕು ಅಂತ ಬಂತು! ನಮ್ಮ ಜ್ಯೋತಿಷಿಗಳ ಕಣ್ಣಿಗೆ ಅದು ಇನ್ನೂ ಬಿದ್ದಿಲ್ಲ, ಪುಣ್ಯ. ಏನೂ ಇಲ್ಲದ ಕಡೆ 20 ಸಲ ಪರೀಕ್ಷಿಸಿದರೆ ಒಮ್ಮೆಯಾದರೂ 0.05ಕ್ಕಿಂತ ಕೆಳಗೆ ಬರುವ ಸಾಧ್ಯತೆ ಶೇ 64. ಹಿನ್ನೆಲೆ_ಗದ್ದಲ ಸರ್ ಹೇಳಿದ 750 ಜಿಇವಿ ಉಬ್ಬೂ ಇದೇ ಜಾತಿಯದು.

#4 · ಕರಡುಪ್ರತಿ

ತಿದ್ದಿದ್ದಕ್ಕೆ ಧನ್ಯವಾದ. ಮೇಡಂ, ಉಪಗುಂಪು ನೋಡಲೇಬಾರದು ಅನ್ನುತ್ತೀರಾ? ಕೋವಿಡ್‌ನಲ್ಲಿ ಸ್ಟಿರಾಯ್ಡ್ ಕೆಲವರಿಗೆ ಮಾತ್ರ ಅಂತ ಗೊತ್ತಾದದ್ದೇ ಉಪಗುಂಪಿನಿಂದ ಅಲ್ಲವೇ?

#5 · ವಾರ್ಡ್_ರೌಂಡ್ಸ್

ನೋಡಬಹುದು, ಯಾವುದನ್ನು ನೋಡುತ್ತೇವೆ ಅಂತ ಮೊದಲೇ ಹೇಳಿರಬೇಕು. ಬ್ರಿಟನ್ನಿನ ರಿಕವರಿ ಟ್ರಯಲ್ 2020ರಲ್ಲಿ ಡೆಕ್ಸಾಮೆಥಾಸೋನ್ ದಿನಕ್ಕೆ 6 ಮಿಲಿಗ್ರಾಂ, ಹೆಚ್ಚೆಂದರೆ 10 ದಿನ ಕೊಟ್ಟಿತು. ಔಷಧದ ಗುಂಪಿನಲ್ಲಿ 2,104 ಜನ, ಮಾಮೂಲು ಆರೈಕೆಯಲ್ಲಿ 4,321. ಸೇರಿಸಿಕೊಳ್ಳುವ ದಿನ ರೋಗಿಗೆ ಉಸಿರಾಟದ ನೆರವು ಎಷ್ಟಿತ್ತು ಅನ್ನುವುದರ ಮೇಲೆ ವಿಂಗಡಣೆ ಮೊದಲೇ ನಿಗದಿಯಾಗಿತ್ತು. 28 ದಿನದ ಸಾವು ವೆಂಟಿಲೇಟರ್‌ನಲ್ಲಿದ್ದವರಲ್ಲಿ ಶೇ 41.4ರಿಂದ 29.3ಕ್ಕೆ, ಆಮ್ಲಜನಕ ಪಡೆಯುತ್ತಿದ್ದವರಲ್ಲಿ ಶೇ 26.2ರಿಂದ 23.3ಕ್ಕೆ ಇಳಿಯಿತು. ಆಮ್ಲಜನಕ ಬೇಡದವರಿಗೆ ಲಾಭವಿಲ್ಲ, ಕೆಡುಕಿನ ಕಡೆಗೇ ಒಲವು. ರೋಗದ ತೀವ್ರತೆ ಏರಿದಂತೆ ಲಾಭವೂ ಮೆಟ್ಟಿಲು ಮೆಟ್ಟಿಲಾಗಿ ಏರಿದೆ, ಜೈವಿಕ ಕಾರಣವೂ ಕೂಡಿಬರುತ್ತದೆ. ರಾಶಿಚಕ್ರದಲ್ಲಿ ಈ ಎರಡೂ ಇಲ್ಲ. ನಮ್ಮಲ್ಲಿ 2021ರ ಎರಡನೇ ಅಲೆಯಲ್ಲಿ ಮೂರನೇ ಗುಂಪಿನವರೂ ಮನೆಯಲ್ಲೇ ಸ್ಟಿರಾಯ್ಡ್ ನುಂಗಿದ್ದು ಶೀರ್ಷಿಕೆ ಓದಿ ಕೋಷ್ಟಕ ಬಿಟ್ಟದ್ದರ ಫಲ.

ಮೊದಲೇ ಹೇಳಿದ್ದರೋ ಇಲ್ಲವೋ ಅಂತ ತಿಳಿಯಲು ಟ್ರಯಲ್‌ನ ನೋಂದಣಿ ನೋಡಬೇಕು, ಅದು ಹೀಗೆ. ಭಾರತದ ಟ್ರಯಲ್ ಆದರೆ ಪ್ರಬಂಧದಲ್ಲಿ "ಸಿಟಿಆರ್‌ಐ" ಅಂತ ಶುರುವಾಗಿ ವರ್ಷ, ತಿಂಗಳು, ಆರಂಕಿಯ ಸಂಖ್ಯೆ ಇರುತ್ತದೆ. ಐಸಿಎಂಆರ್ ನಡೆಸುವ ಈ ಟ್ರಯಲ್ ನೋಂದಣಿ ದಾಖಲೆ 2007ರ ಜುಲೈನಲ್ಲಿ ಶುರುವಾಯಿತು, 2009ರ ಜೂನ್‌ನಿಂದ ಔಷಧ ನಿಯಂತ್ರಕರು ಕಡ್ಡಾಯ ಮಾಡಿದರು. ಸಂಖ್ಯೆ ಹಾಕಿ ತೆರೆದ ಮೇಲೆ ನೋಡಬೇಕಾದದ್ದು ಮೂರು ಸಾಲು: ನೋಂದಣಿಯ ದಿನಾಂಕ, ಮೊದಲ ರೋಗಿ ಸೇರಿದ ದಿನಾಂಕ, ಮುಖ್ಯ ಫಲಿತಾಂಶ. ಮೊದಲನೆಯದು ಎರಡನೆಯದಕ್ಕಿಂತ ಹಿಂದೆ ಇರಬೇಕು. ದಾಖಲೆಯಲ್ಲಿ ಮುಖ್ಯ ಫಲಿತಾಂಶ "90 ದಿನದ ಸಾವು" ಅಂತಿದ್ದು, ಪ್ರಬಂಧದಲ್ಲಿ "14ನೇ ದಿನದ ಸಿಆರ್‌ಪಿ ಮಟ್ಟ" (ರಕ್ತದಲ್ಲಿ ಉರಿಯೂತ ತೋರಿಸುವ ಅಂಕಿ) ಅಂತಾಗಿದ್ದರೆ ಮುಂದೆ ಓದುವ ಅಗತ್ಯ ಕಡಿಮೆ.

ರಕ್ತದ ಅಂಕಿಯೋ ಇಸಿಜಿಯೋ ಸುಧಾರಿಸಿದ್ದನ್ನೇ ರೋಗಿ ಸುಧಾರಿಸಿದ್ದು ಅಂದುಕೊಳ್ಳುವ ಅಪಾಯಕ್ಕೆ ಕ್ಯಾಸ್ಟ್ ಟ್ರಯಲ್‌ಗಿಂತ ದೊಡ್ಡ ಪಾಠ ಇಲ್ಲ. ಹೃದಯಾಘಾತದ ನಂತರ ಬಡಿತ ತಪ್ಪುವುದನ್ನು ಎನ್‌ಕೈನೈಡ್, ಫ್ಲೆಕೈನೈಡ್ ಚೆನ್ನಾಗಿ ತಡೆಯುತ್ತಿದ್ದವು, ಇಸಿಜಿಯಲ್ಲಿ ಎಲ್ಲ ಸರಿ. ಸಾವು ಎಣಿಸಿದಾಗ ಔಷಧ ಪಡೆದ 755 ಜನರಲ್ಲಿ 63, ಸಕ್ಕರೆ ಗುಳಿಗೆ (ಔಷಧವಿಲ್ಲದ ಹುಸಿ ಗುಳಿಗೆ) ಪಡೆದ 743ರಲ್ಲಿ 26.

#6 · ಮತಗಟ್ಟೆ_ಸಾಲು

ರಾಜಕೀಯ ಸಂವಹನದ ಕಡೆಯಿಂದ. ಎಲ್ಲರೂ ನಮ್ಮ ಪಿ ಮೌಲ್ಯವನ್ನೇ ದೂರುತ್ತಾರೆ. ನಮ್ಮ ನಿಜವಾದ ನೋವು ಅಳತೆಗೋಲಿನದು. ಸಾವನ್ನು ಎಣಿಸಬಹುದು, ಫೋಟಾನ್ ಎಣಿಸಬಹುದು. "ನೀವು ವಾರದಲ್ಲಿ ಎಷ್ಟು ದಿನ ಟಿವಿ ಸುದ್ದಿ ನೋಡುತ್ತೀರಿ" ಅಂದರೆ ಜನ ಹೇಳುವುದು ನೋಡಿದ್ದನ್ನಲ್ಲ, ನೋಡಬೇಕಿತ್ತು ಅನ್ನಿಸಿದ್ದನ್ನು. ಅಮೆರಿಕದಲ್ಲಿ ಮಾರ್ಕಸ್ ಪ್ರಯರ್ 2009ರಲ್ಲಿ ಸರ್ವೆಯ ಉತ್ತರಗಳನ್ನು ಟಿವಿ ಪೆಟ್ಟಿಗೆಗೆ ಜೋಡಿಸಿದ ಮೀಟರ್‌ನ ಅಂಕಿಯೊಂದಿಗೆ ಹೋಲಿಸಿದಾಗ, ಸುದ್ದಿ ವೀಕ್ಷಣೆ ಸರಾಸರಿ ಮೂರು ಪಟ್ಟು ಉಬ್ಬಿತ್ತು. ಇಂಥ ಅಳತೆಯ ಮೇಲೆ 5 ಸಿಗ್ಮಾ ಕೂರಿಸಿ ಏನು ಮಾಡುತ್ತೀರಿ?

ಹೇಳಲು ಮುಜುಗರವಾಗುವ ಪ್ರಶ್ನೆಗಳು ಇನ್ನೂ ಕಷ್ಟ. ವೋಟಿಗೆ ದುಡ್ಡು ತಗೊಂಡ್ರಾ ಅಂತ ನೇರ ಕೇಳಿದರೆ ಯಾರು ಹೌದು ಅನ್ನುತ್ತಾರೆ? ಅದಕ್ಕೆ ಪಟ್ಟಿ ವಿಧಾನ ಬಳಸುತ್ತೇವೆ. ಒಂದು ಗುಂಪಿಗೆ ನಾಲ್ಕು ಸಾದಾ ಸಂಗತಿ: ಮನೆಗೆ ಕಾರ್ಯಕರ್ತರು ಬಂದಿದ್ದರು, ಸಭೆಗೆ ಹೋಗಿದ್ದೆ, ಕರಪತ್ರ ಬಂತು, ಪಕ್ಷದ ಬಾವುಟ ಕಟ್ಟಿದೆ. ಇನ್ನೊಂದು ಗುಂಪಿಗೆ ಇದೇ ನಾಲ್ಕರ ಜೊತೆ ಐದನೆಯದಾಗಿ "ಹಣ ಅಥವಾ ಉಡುಗೊರೆ ಸಿಕ್ಕಿತು". ಯಾವುದು ಅಂತ ಹೇಳಬೇಡಿ, ಎಷ್ಟು ಅಂತ ಮಾತ್ರ ಹೇಳಿ. ಮೊದಲ ಗುಂಪಿನ ಸರಾಸರಿ 2.10, ಎರಡನೆಯದು 2.33 ಬಂತು ಅನ್ನಿ. ವ್ಯತ್ಯಾಸ 0.23, ಅಂದರೆ ಶೇ 23 ಮಂದಿಗೆ ಸಿಕ್ಕಿದೆ.

ಚೆಂದ ಕಾಣುತ್ತದೆ, ಆದರೆ ಬೆಲೆ ನೋಡಿ. ಉತ್ತರಗಳ ವಿಚಲನೆ (ಸರಾಸರಿಯಿಂದ ಆಚೀಚೆ ಹರಡಿರುವ ಪ್ರಮಾಣ) 1 ಇದ್ದು, ಗುಂಪಿಗೆ 500 ಜನರಿದ್ದರೆ ದೋಷ √(2 ÷ 500), ಅಂದರೆ 0.063. ಶೇ 95ರ ವ್ಯಾಪ್ತಿ ಶೇ 11ರಿಂದ 35. ಅದೇ ಸಾವಿರ ಜನರಿಗೆ ನೇರ ಪ್ರಶ್ನೆ ಕೇಳಿದ್ದರೆ ವ್ಯಾಪ್ತಿ ಆಚೀಚೆ 3 ಮಾತ್ರ, ಆದರೆ ಉತ್ತರವೇ ಸುಳ್ಳು. ಪಟ್ಟಿ ಕೆಡುವ ಜಾಗವೂ ಒಂದಿದೆ. ಚುನಾವಣೆ ಕಾವೇರಿದ ಊರಿನಲ್ಲಿ ನಾಲ್ಕೂ ಸಂಗತಿ ಎಲ್ಲರಿಗೂ ಆಗಿರುತ್ತವೆ. ಆಗ "ಐದು" ಅಂದರೆ ಗುಟ್ಟು ಬಯಲು, ಜನ "ನಾಲ್ಕು" ಅಂದುಬಿಡುತ್ತಾರೆ. ಒಂದು ನಡೆದರೆ ಇನ್ನೊಂದು ನಡೆಯಲಾರದಂಥ ಜೋಡಿಯನ್ನು ಪಟ್ಟಿಯಲ್ಲಿಡುವುದು ಅದಕ್ಕೇ. ಈ ದೃಷ್ಟಿಯಿಂದ ನಾನು ಮೇಲೆ ಕೊಟ್ಟ ಪಟ್ಟಿಯೇ ಕಳಪೆ, ಬೇಕೆಂದೇ ಕೊಟ್ಟೆ.

#7 · ಇಣುಕುನೋಟ

@ಮತಗಟ್ಟೆ_ಸಾಲು ಅಳತೆಗೋಲಿನ ಮೇಲೆ ಎಲ್ಲ ಹಾಕಿ ತಪ್ಪಿಸಿಕೊಳ್ಳಬೇಡಿ. ಸರಿ ಮಾಹಿತಿ ಕೊಟ್ಟರೆ ಜನ ತಪ್ಪು ನಂಬಿಕೆಯನ್ನೇ ಇನ್ನೂ ಗಟ್ಟಿ ಹಿಡಿಯುತ್ತಾರೆ ಅನ್ನುವ "ತಿರುಗುಬಾಣ ಪರಿಣಾಮ" ಹತ್ತು ವರ್ಷ ಎಲ್ಲ ಪತ್ರಿಕಾ ತರಬೇತಿಯಲ್ಲೂ ಮೆರೆಯಿತಲ್ಲ?

#8 · ಮತಗಟ್ಟೆ_ಸಾಲು

ಒಪ್ಪಿದೆ, ಅದು ಸ್ಯಾಂಪಲ್ ಸೈಜ್‌ನ ಪಾಪ. 2010ರಲ್ಲಿ ನೈಹನ್ ಮತ್ತು ರೈಫ್ಲರ್ ಅದನ್ನು ಕಂಡದ್ದು ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಸಣ್ಣ ಗುಂಪುಗಳಲ್ಲಿ, ಅದೂ ಸಂಪ್ರದಾಯವಾದಿಗಳನ್ನು ಬೇರೆ ಮಾಡಿ ನೋಡಿದಾಗ. ವುಡ್ ಮತ್ತು ಪೋರ್ಟರ್ 10,000ಕ್ಕೂ ಹೆಚ್ಚು ಜನರ ಮೇಲೆ 52 ವಿಷಯಗಳಲ್ಲಿ ಹುಡುಕಿದಾಗ ಬಹುತೇಕ ಎಲ್ಲೂ ಸಿಗಲಿಲ್ಲ. ಮೂಲ ಲೇಖಕರೇ ಇವರಿಬ್ಬರ ಜೊತೆ ಸೇರಿ ಇನ್ನೊಂದು ಅಧ್ಯಯನ ಮಾಡಿದರು, 2019ರಲ್ಲಿ ಪ್ರಕಟವಾಯಿತು, ಅದರಲ್ಲೂ ಜನ ತಿದ್ದುಪಡಿಯನ್ನು ಸ್ವೀಕರಿಸಿದರು. ಮತ ಯಾರಿಗೆ ಅನ್ನುವುದು ಮಾತ್ರ ಅಷ್ಟಾಗಿ ಕದಲಲಿಲ್ಲ. ನಮ್ಮ ಕ್ಷೇತ್ರದಲ್ಲಿ ಇಂಥ ದೊಡ್ಡ ಮನಸ್ಸು ಅಪರೂಪ, ಅದಕ್ಕೇ ಹೇಳಿದೆ.

ಉಪಗುಂಪಿನ ಗಣಿತ ಇನ್ನೂ ಕ್ರೂರ. ಮುಖ್ಯ ಪರಿಣಾಮ ಹಿಡಿಯಲು 1,000 ಜನ ಸಾಕಾದರೆ, ಎರಡು ಪಕ್ಷದವರ ನಡುವೆ ಆ ಪರಿಣಾಮ ಅಷ್ಟೇ ಪ್ರಮಾಣದಲ್ಲಿ ಬೇರೆಯಾಗಿದೆ ಅಂತ ತೋರಿಸಲು 4,000 ಬೇಕು. ಆ ವ್ಯತ್ಯಾಸ ಅರ್ಧದಷ್ಟೇ ಇದ್ದರೆ 16,000.

ನಮ್ಮ ದೇಶದ ಉದಾಹರಣೆ: 2019ರ ಲೋಕಸಭಾ ಚುನಾವಣೆ ಹೊತ್ತಿನಲ್ಲಿ ಸುಮಿತ್ರಾ ಬದ್ರಿನಾಥನ್ ಬಿಹಾರದಲ್ಲಿ 1,224 ಜನರ ಮೇಲೆ ಪ್ರಯೋಗ ಮಾಡಿದರು. ವಾಟ್ಸ್ಆ್ಯಪ್ ಸುಳ್ಳು ಗುರುತಿಸುವ ಸುಮಾರು ಒಂದು ಗಂಟೆಯ ತರಬೇತಿ, ಮನೆಗೇ ಹೋಗಿ. ಒಟ್ಟಾರೆ ಪರಿಣಾಮ ಕಾಣಲಿಲ್ಲ. ಬಿಜೆಪಿ ಒಲವಿನವರಲ್ಲಿ ಮಾತ್ರ ತಮ್ಮ ಪಕ್ಷಕ್ಕೆ ಹಿತವಾದ ಸುಳ್ಳುಗಳನ್ನು ಗುರುತಿಸುವುದು ತಗ್ಗಿತು. ಇದರಲ್ಲಿ ಎರಡನೇ ವಾಕ್ಯ ಮಾತ್ರ ಎತ್ತಿ ಶೀರ್ಷಿಕೆ ಮಾಡುವವರು ಹೆಚ್ಚು. ಮೊದಲ ವಾಕ್ಯ ಹೆಚ್ಚು ಗಟ್ಟಿ. ಎರಡನೆಯದನ್ನು ಮೇಡಂ ಹೇಳಿದ ರಾಶಿಯ ಕಥೆ ನೆನಪಿಟ್ಟುಕೊಂಡು, ಪೂರ್ವ ನೋಂದಣಿ ಪತ್ರ (ಏನು ನೋಡುತ್ತೇವೆ ಅಂತ ಅಧ್ಯಯನಕ್ಕೆ ಮೊದಲೇ ಬರೆದಿಟ್ಟದ್ದು) ಪಕ್ಕದಲ್ಲಿಟ್ಟು ಓದಬೇಕು.

#9 · ಹಿನ್ನೆಲೆ_ಗದ್ದಲ

ನಮ್ಮನ್ನೂ ಸುಮ್ಮನೆ ಅಟ್ಟಕ್ಕೇರಿಸಬೇಡಿ. ಸಿಗ್ಮಾ ಕಾಯುವುದು ಆಕಸ್ಮಿಕದಿಂದ ಮಾತ್ರ, ಸಡಿಲ ತಂತಿಯಿಂದ ಅಲ್ಲ. 2011ರ ಸೆಪ್ಟೆಂಬರ್‌ನಲ್ಲಿ ಒಪೆರಾ ಪ್ರಯೋಗದವರು ಸರ್ನ್‌ನಿಂದ 730 ಕಿಲೋಮೀಟರ್ ದೂರದ ಇಟಲಿಯ ಗ್ರಾನ್ ಸಾಸೋ ಪ್ರಯೋಗಾಲಯಕ್ಕೆ ಬಂದ ನ್ಯೂಟ್ರಿನೊಗಳು (ಬಂಡೆಯನ್ನೂ ಸಲೀಸಾಗಿ ಹಾಯುವ ಅತಿ ಹಗುರ ಕಣಗಳು) ಬೆಳಕಿಗಿಂತ 60.7 ನ್ಯಾನೋಸೆಕೆಂಡ್ ಮೊದಲೇ ತಲುಪಿವೆ ಅಂದರು. ಅಂಕಿಅಂಶದ ದೋಷ 6.9, ವ್ಯವಸ್ಥೆಯ ದೋಷ 7.4, ಎರಡೂ ಸೇರಿ 10ರಷ್ಟು. 6 ಸಿಗ್ಮಾ! ಅಂದರೆ ಮರುವರ್ಷದ ಹಿಗ್ಸ್ ಕಣದ ಘೋಷಣೆಗಿಂತ ಗಟ್ಟಿ.

ಆಗಿದ್ದೇನು? ಜಿಪಿಎಸ್ ಸಮಯವನ್ನು ಮುಖ್ಯ ಗಡಿಯಾರದ ಕಾರ್ಡಿಗೆ ತರುವ ಫೈಬರ್‌ನ ಕನೆಕ್ಟರ್ ಪೂರ್ತಿ ಕೂತಿರಲಿಲ್ಲ. ಬೆಳಕು ಬರುತ್ತಿತ್ತು, ಮಂದವಾಗಿ. ಮಂದ ಬೆಳಕಿಗೆ ರಿಸೀವರ್‌ನ ಫೋಟೋಡಯೋಡ್ ಮಂಡಲ ಮಿತಿ ಮುಟ್ಟಲು ಹೆಚ್ಚು ಹೊತ್ತು ಹಿಡಿಯಿತು, ಸಮಯದ ಗುರುತು 70 ನ್ಯಾನೋಸೆಕೆಂಡ್‌ಗೂ ಹೆಚ್ಚು ತಡವಾಯಿತು. ತಂತಿ ಪೂರ್ತಿ ಕಳಚಿದ್ದರೆ ಅದೇ ದಿನ ಗೊತ್ತಾಗುತ್ತಿತ್ತು, ಅರ್ಧ ಕಚ್ಚಿಕೊಂಡಿದ್ದದ್ದೇ ಮುಳುವಾಯಿತು. ಇನ್ನೊಂದು ಕಡೆ ಗಡಿಯಾರದ ಆಂದೋಲಕ ತುಸು ವೇಗವಾಗಿ ಓಡಿ 15ರಷ್ಟನ್ನು ವಿರುದ್ಧ ದಿಕ್ಕಿಗೆ ತಳ್ಳಿತ್ತು. ಕಳೆದು ನೋಡಿದರೆ ಸರಿಸುಮಾರು 60 ಉಳಿಯುತ್ತದೆ. 2012ರ ಮಾರ್ಚ್‌ನಲ್ಲಿ ಅದೇ ಪ್ರಯೋಗಾಲಯದ ಐಕಾರಸ್ ಪ್ರಯೋಗದವರು ಅಳೆದಾಗ ನ್ಯೂಟ್ರಿನೊಗಳು ಬೆಳಕಿನ ವೇಗದಲ್ಲೇ ಬಂದಿದ್ದವು.

ಹಾಗಾಗಿ ಹಿಗ್ಸ್ ಅನ್ನು ಜನ ನಂಬಿದ್ದು 5 ಅಂಕಿಯಿಂದ ಮಾತ್ರ ಅಲ್ಲ. 2012ರ ಜುಲೈ 4ರಂದು ಬೇರೆ ಬೇರೆ ವಿನ್ಯಾಸದ ಎರಡು ಯಂತ್ರಗಳು, ಅಟ್ಲಾಸ್ ಮತ್ತು ಸಿಎಂಎಸ್, 125 ಜಿಇವಿ ಹತ್ತಿರ ಒಂದೇ ಉಬ್ಬು ತೋರಿಸಿದವು. ಸಡಿಲ ತಂತಿ ಎರಡರಲ್ಲೂ ಒಂದೇ ಜಾಗದಲ್ಲಿ ಇರುವುದಿಲ್ಲ.

#10 · ಕರಡುಪ್ರತಿ

ಕಣ್ಣು ಕಟ್ಟಿಕೊಂಡು ವಿಶ್ಲೇಷಣೆ ಅನ್ನುತ್ತಾರಲ್ಲ, ಭೌತವಿಜ್ಞಾನದಲ್ಲಿ ಅದು ಹೇಗೆ? ಟ್ರಯಲ್‌ನಲ್ಲಾದರೆ ಯಾರಿಗೆ ಯಾವ ಗುಳಿಗೆ ಅಂತ ಮುಚ್ಚಿಡುತ್ತಾರೆ, ಮ್ಯೂಆನ್‌ಗೆ (ಎಲೆಕ್ಟ್ರಾನ್‌ನಂಥದ್ದೇ, ಅದಕ್ಕಿಂತ ಭಾರದ ಕಣ) ಗುಳಿಗೆಯೇ ಇಲ್ಲವಲ್ಲ.

#11 · ಹಿನ್ನೆಲೆ_ಗದ್ದಲ

ಕಣ್ಣು ಕಟ್ಟುವುದು ನಮಗೆ, ಮ್ಯೂಆನ್‌ಗಲ್ಲ. ಅಮೆರಿಕದ ಫರ್ಮಿಲ್ಯಾಬ್‌ನಲ್ಲಿ ಮ್ಯೂಆನ್‌ನ ಕಾಂತಗುಣ ಅಳೆದ ಮ್ಯೂಆನ್ ಜಿ-2 ಪ್ರಯೋಗ ಒಳ್ಳೆಯ ಉದಾಹರಣೆ. ಅಳೆಯುವ ಗಡಿಯಾರದ ಆವರ್ತನವನ್ನು 40 ಮೆಗಾಹರ್ಟ್ಸ್‌ನಿಂದ ಗುಟ್ಟಾಗಿ ಒಂದಿಷ್ಟು ಆಚೀಚೆ ಮಾಡಿ, ಪೆಟ್ಟಿಗೆಗೆ ಬೀಗ ಹಾಕಿದರು. ನಿಜವಾದ ಅಂಕಿ ತಂಡದ ಹೊರಗಿನ ಇಬ್ಬರಿಗೆ ಮಾತ್ರ ಗೊತ್ತು, ಮುಚ್ಚಿದ ಲಕೋಟೆಯಲ್ಲಿ. ವಿಶ್ಲೇಷಣೆಯ ಪ್ರತಿ ತೀರ್ಮಾನ, ಯಾವ ದತ್ತಾಂಶ ಬಿಡಬೇಕು, ಯಾವ ತಿದ್ದುಪಡಿ ಹಾಕಬೇಕು, ಎಲ್ಲ ಮುಗಿದು ತಂಡ ಕೈ ಎತ್ತಿ ಒಪ್ಪಿದ ಮೇಲೆ ಲಕೋಟೆ ಒಡೆದರು. 2021ರ ಏಪ್ರಿಲ್‌ನಲ್ಲಿ ಘೋಷಿಸಿದಾಗ ಸಿದ್ಧಾಂತಕ್ಕೂ ಅಳತೆಗೂ 4.2 ಸಿಗ್ಮಾ ಅಂತರ. ಆಮೇಲೆ ಅಳತೆ ಇನ್ನೂ ನಿಖರವಾಯಿತು, ಕದಲಲಿಲ್ಲ. ಕದಲಿದ್ದು ಸಿದ್ಧಾಂತದ ಕಡೆ: 2025ರಲ್ಲಿ ಸಿದ್ಧಾಂತಿಗಳು ಲ್ಯಾಟಿಸ್ ಗಣನೆಗಳ (ದೇಶ-ಕಾಲವನ್ನು ಚೌಕಳಿಯಾಗಿ ಒಡೆದು ಕಂಪ್ಯೂಟರ್‌ನಲ್ಲಿ ಮಾಡುವ ಲೆಕ್ಕ) ಮೇಲೆ ಅಂದಾಜು ಹೊಸದಾಗಿ ಕಟ್ಟಿದಾಗ ಅಂತರ ಕರಗಿತು. ಎರಡು ಸಂಖ್ಯೆಯ ವ್ಯತ್ಯಾಸಕ್ಕೆ ಸಿಗ್ಮಾ ಕೊಟ್ಟಿದ್ದರೆ ಎರಡನ್ನೂ ಅನುಮಾನಿಸಬೇಕು.

#12 · ಇಣುಕುನೋಟ

ತಪ್ಪು ಬೇರೆ, ಹುಸಿ ಬೇರೆ. ದತ್ತಾಂಶವೇ ಕಟ್ಟುಕಥೆ ಆಗಿದ್ದರೆ ಯಾವ ಲಕೋಟೆಯೂ ಉಳಿಸದು. ಸೈನ್ಸ್ ಪತ್ರಿಕೆಯಲ್ಲಿ 2014ರ ಡಿಸೆಂಬರ್‌ನಲ್ಲಿ ಬಂದ ಲಕೂರ್ ಮತ್ತು ಗ್ರೀನ್ ಪ್ರಬಂಧ ನೆನಪಿಸಿಕೊಳ್ಳಿ. ಸಲಿಂಗಿ ಕಾರ್ಯಕರ್ತರು ಬಾಗಿಲಲ್ಲಿ ನಿಂತು ಒಮ್ಮೆ ಮಾತಾಡಿದರೆ ಸಲಿಂಗ ವಿವಾಹದ ಬಗ್ಗೆ ಜನರ ನಿಲುವು ತಿಂಗಳುಗಟ್ಟಲೆ ಬದಲಾಗುತ್ತದೆ ಅಂತ. ಅದನ್ನು ಮರುಮಾಡಲು ಹೊರಟ ಬ್ರೂಕ್‌ಮನ್, ಕಲ್ಲಾ ಮತ್ತು ಅರೋನೊ ಹಿಡಿದದ್ದು ದತ್ತಾಂಶದ ಅತಿಯಾದ ಅಚ್ಚುಕಟ್ಟನ್ನು. 0ರಿಂದ 100ರವರೆಗೆ ಅಂಕ ಕೊಡಿ ಅಂದರೆ ನಿಜವಾದ ಜನ ಒಂದು ಸಲ 50 ಅಂದವರು ಮುಂದಿನ ತಿಂಗಳು 70 ಅಂತಾರೆ, ಮನಸ್ಸು ಎಲ್ಲಿಗೋ ಹೋಗಿರುತ್ತದೆ. ಇಲ್ಲಿ ಎರಡನೇ ಸುತ್ತಿನ ಉತ್ತರಗಳು ಮೊದಲ ಸುತ್ತಿಗೆ ಗಂಟೆಯಾಕಾರದ ಸಣ್ಣ ಏರುಪೇರು ಸೇರಿಸಿದಂತಿದ್ದವು, ವಿಚಿತ್ರ ಉತ್ತರ ಕೊಟ್ಟವನು ಒಬ್ಬನೂ ಇಲ್ಲ. ಮೊದಲ ಸುತ್ತಿನ ಹಂಚಿಕೆಯಂತೂ 2012ರ ಬೇರೊಂದು ರಾಷ್ಟ್ರೀಯ ಸರ್ವೆಯ ಹಂಚಿಕೆಗೆ ತಾಳೆಯಾಗುತ್ತಿತ್ತು. ಸಹಲೇಖಕ ಗ್ರೀನ್ ಅವರೇ ಹಿಂಪಡೆಯಲು ಕೇಳಿದರು, 2015ರ ಮೇ ತಿಂಗಳಲ್ಲಿ ಹಿಂಪಡೆಯಲಾಯಿತು.

ಬ್ರೂಕ್‌ಮನ್ ಮತ್ತು ಕಲ್ಲಾ 2016ರಲ್ಲಿ ಮಯಾಮಿಯಲ್ಲಿ ನಿಜವಾಗಿಯೇ ಬಾಗಿಲು ಬಡಿದು, ಸುಮಾರು 10 ನಿಮಿಷದ ಮಾತುಕತೆಯಿಂದ ತೃತೀಯ ಲಿಂಗಿಗಳ ಬಗೆಗಿನ ಪೂರ್ವಗ್ರಹ ತಗ್ಗುತ್ತದೆ ಅಂತ ತೋರಿಸಿದರು. ಅದೇ ಜೋಡಿ 2018ರಲ್ಲಿ 49 ಕ್ಷೇತ್ರ ಪ್ರಯೋಗಗಳನ್ನು ಕೂಡಿಸಿ, ಅಮೆರಿಕದ ಸಾರ್ವತ್ರಿಕ ಚುನಾವಣೆಗಳಲ್ಲಿ ಪ್ರಚಾರದ ಸಂಪರ್ಕದಿಂದ ಮತ ಯಾರಿಗೆ ಅನ್ನುವುದು ಬದಲಾಗುವುದು ಸರಾಸರಿ ಸೊನ್ನೆ ಅಂತಲೂ ಹೇಳಿತು.

#13 · ಗಣಿದೀಪ

ಸರ್ನ್, ಫರ್ಮಿಲ್ಯಾಬ್ ಎಲ್ಲ ಆಯಿತು, ಕೋಲಾರವನ್ನು ಬಿಟ್ಟಿರಲ್ಲ. 1965ರಲ್ಲಿ ವಾತಾವರಣದ ನ್ಯೂಟ್ರಿನೊವನ್ನು ಮೊದಲು ವರದಿ ಮಾಡಿದ್ದು ಕೆಜಿಎಫ್ ಗಣಿಯೊಳಗೆ 2.3 ಕಿಲೋಮೀಟರ್ ಆಳದಲ್ಲಿ, ಮುಂಬೈನ ಟಿಐಎಫ್‌ಆರ್ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ, ಬ್ರಿಟನ್ನಿನ ಡರ್ಹಮ್ ತಂಡ. ಅಷ್ಟು ಆಳ ಏಕೆ ಅಂದರೆ ಆಕಾಶದಿಂದ ಸುರಿಯುವ ಮ್ಯೂಆನ್‌ಗಳು ಬಂಡೆಯಲ್ಲಿ ಸೋಸಿಹೋಗಬೇಕು. ಹಿನ್ನೆಲೆ_ಗದ್ದಲ ಅವರ ಛೇದವನ್ನು ಬಂಡೆಯಿಂದಲೇ ಕತ್ತರಿಸಿದ ಹಾಗೆ.

ಅದೇ ಗಣಿಯಲ್ಲಿ 1980ರ ದಶಕದಲ್ಲಿ 140 ಟನ್ ಕಬ್ಬಿಣದ ತಟ್ಟೆಗಳ ನಡುವೆ ಎಣಿಕೆ ಕೊಳವೆಗಳನ್ನು ಜೋಡಿಸಿ ಪ್ರೋಟಾನ್ ಕ್ಷಯ ಹುಡುಕಿದರು. ಕೆಲವು ಘಟನೆಗಳನ್ನು ಕ್ಷಯ ಇರಬಹುದು ಅಂತ ವರದಿಯೂ ಮಾಡಿದರು. ಆಮೇಲೆ ಅಮೆರಿಕದ ಐಎಂಬಿ, ಜಪಾನಿನ ಕಾಮಿಯೋಕಾಂಡೆ ಸಾವಿರಾರು ಟನ್ ನೀರಿಟ್ಟು ಕಾದರೂ ಏನೂ ಸಿಗಲಿಲ್ಲ. ಇಂಥ ಕಡೆ ತೊಂದರೆ ಏನೆಂದರೆ ಬೆರಳೆಣಿಕೆಯ ಘಟನೆಗೆ ವರ್ಗಮೂಲದ ಸೂತ್ರವೇ ನಡೆಯುವುದಿಲ್ಲ. ನಿರೀಕ್ಷೆ 0.5 ಇದ್ದು 3 ಕಂಡರೆ ಸೂತ್ರ 3.5 ಸಿಗ್ಮಾ ಅನ್ನುತ್ತದೆ. ಅಪರೂಪದ ಘಟನೆಗಳಿಗೆ ಹೊಂದುವ ಪಾಯ್ಸನ್ ಲೆಕ್ಕದಲ್ಲಿ ಅದರ ಸಾಧ್ಯತೆ ಶೇ 1.4, ಅಂದರೆ 2.2 ಸಿಗ್ಮಾ ಮಾತ್ರ.

#14 · ವಾರ್ಡ್_ರೌಂಡ್ಸ್

@ಗಣಿದೀಪ ಔಷಧದ ಅಪರೂಪದ ಅಡ್ಡಪರಿಣಾಮಗಳಿಗೂ ಇದೇ ಲೆಕ್ಕ. 300 ಜನರಲ್ಲಿ ಒಬ್ಬರಿಗೂ ಆಗಲಿಲ್ಲ ಅಂದರೆ ಸುರಕ್ಷಿತ ಅಂತಲ್ಲ. 3ನ್ನು 300ರಿಂದ ಭಾಗಿಸಿ: ಶೇ 95ರ ಮೇಲಿನ ಮಿತಿ ನೂರಕ್ಕೆ ಒಂದು.

#15 · ಕರಡುಪ್ರತಿ

ಹಾಗಾದರೆ ಪ್ರೋಟಾನ್ ಹುಡುಕಿದ್ದು ದಂಡವೇ?

#16 · ಗಣಿದೀಪ

ಏನೂ ಸಿಗದಿದ್ದರೂ ಪ್ರೋಟಾನ್‌ನ ಆಯುಸ್ಸಿನ ಕೆಳಮಿತಿ ಮೇಲೇರುತ್ತಾ ಹೋಯಿತು, ಪ್ರೋಟಾನ್ ಒಡೆಯಲೇಬೇಕು ಅನ್ನುತ್ತಿದ್ದ ಆರಂಭದ ಸರಳ ಮಹಾ ಏಕೀಕರಣ ಸಿದ್ಧಾಂತ (ಪ್ರಕೃತಿಯ ಬಲಗಳನ್ನು ಒಂದಾಗಿ ವಿವರಿಸುವ ಯತ್ನ) ಅಲ್ಲೇ ನೆಲಕಚ್ಚಿತು. ಕಾಮಿಯೋಕಾಂಡೆಯನ್ನು ಕಟ್ಟಿದ್ದು ಪ್ರೋಟಾನ್ ಕ್ಷಯಕ್ಕೆ, 1987ರ ಫೆಬ್ರವರಿಯಲ್ಲಿ ಅದಕ್ಕೆ ಸಿಕ್ಕಿದ್ದು ಸೂಪರ್‌ನೋವಾದ (ಸಿಡಿದ ನಕ್ಷತ್ರದ) ನ್ಯೂಟ್ರಿನೊ. ಹತ್ತು ಹನ್ನೆರಡು ಘಟನೆಗಳು, ಸುಮಾರು 13 ಸೆಕೆಂಡಿನೊಳಗೆ. ಆ ಹೊತ್ತಿಗೆ ಐಎಂಬಿಯೂ 8 ಎಣಿಸಿತ್ತು. ಅದಕ್ಕೆ ಪೂರ್ವ ನೋಂದಣಿ ಎಲ್ಲಿಂದ ತರುತ್ತೀರಿ?